ನಿಧಾನವಾಗಿ ಕಳಿಸಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು. ಆಮೇಲೆ ಪಿ.ಯು.ಸಿ., ಬಿ.ಇ., ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ‘ನಿನ್ನ ಕೆಲಸದ ಬಗ್ಗೆ ನಾಲ್ಕು ಮಾತಾಡು’ ಎಂದು ಸಂಘಟಕರು ಹೇಳಿದರು. ನನ್ನ ಕೆಲಸದ ಬಗ್ಗೆ ನಾಲ್ಕು ಮಾತಾಡಿದರೆ ಐದನೆಯ ಮಾತಿಗೆ ಮುಂದಿನ ಸಾಲಿನ ಮಕ್ಕಳು ನಿದ್ದೆ ಹೋಗುತ್ತಾರೆ. ಹಾಗಾಗಿ ನನ್ನ ಒಂದು ಹವ್ಯಾಸದ ಬಗ್ಗೆ ಹೇಳುತ್ತೇನೆ. ಕಂಪ್ಯೂಟರಿನಿಂದ ರೇಡಿಯೊ ಮೂಲಕ ಮೋರ್ಸ್ ಸಂಕೇತ ಕಳಿಸುವುದು. ಮೇಜಿನ ಮೇಲೆ ಇಟ್ಟಿರುವ ಈ ಪುಟ್ಟ ಪೆಟ್ಟಿಗೆ ಅದಕ್ಕಾಗಿಯೇ ತಂದದ್ದು. ಈಗಷ್ಟೇ ಅದು ಕೀ ಕೀ ಎಂದು ಕೂಗಿತಲ್ಲ, ಅದು ನಮ್ಮ ಊರಿನ ಹೆಸರು.

ಇಲ್ಲಿರುವ ಹಿರಿಯರಿಗೆ ‘ತಂತಿ ಬಂತು’ ಎಂಬ ಮಾತು ಗೊತ್ತು. ತಂತಿ ಬಂತು ಅಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತಂತೆ. ಆ ತಂತಿಯ ಭಾಷೆಯೇ ಮೋರ್ಸ್. 1844ರ ಮೇ 24ರಂದು ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್‌ಟನ್ನಿನಿಂದ ಬಾಲ್ಟಿಮೋರಿಗೆ ತಂತಿಯಲ್ಲಿ ಸಂದೇಶ ಕಳಿಸಿದ. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈ 15ರಂದು. ಅಷ್ಟು ಹೊತ್ತಿಗೆ ತಂತಿ ಕಚೇರಿಗಳಿಗೇ ಕಂಪ್ಯೂಟರು ಬಂದಾಗಿತ್ತು. ಸಮುದ್ರದ ಹಡಗುಗಳೂ 1999ರಲ್ಲಿ ಮೋರ್ಸ್ ಬಿಟ್ಟವು. ಹಾಗಾದರೆ ಈಗ ಇದನ್ನು ಬಳಸುವವರು ಯಾರು? ನನ್ನಂಥ ಹವ್ಯಾಸಿಗಳು. ನಮ್ಮನ್ನು ‘ಹ್ಯಾಮ್’ಗಳು ಎನ್ನುತ್ತಾರೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಸ್ವಂತ ರೇಡಿಯೊದಿಂದ ಪ್ರಪಂಚದ ಇತರ ಹವ್ಯಾಸಿಗಳೊಡನೆ ಮಾತಾಡುವವರು.

ಮಕ್ಕಳೆ, ಮೋರ್ಸ್ ನಿಮಗೆ ಆಗಲೇ ಅರ್ಧ ಗೊತ್ತಿದೆ. ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಛಂದಸ್ಸು ಕಲಿಸುವಾಗ ಲಘು, ಗುರು ಎಂದು ಗುರುತು ಹಾಕುತ್ತಾರಲ್ಲ, ಇದೂ ಹಾಗೆಯೇ. ಲಘುವಿನ ಜಾಗದಲ್ಲಿ ಚುಕ್ಕೆ, ಗುರುವಿನ ಜಾಗದಲ್ಲಿ ಗೀಟು. ಗುರುವಿಗೆ ಎರಡು ಮಾತ್ರೆ. ಮೋರ್ಸ್ ಗೀಟಿಗೆ ಮೂರು ಚುಕ್ಕೆಯಷ್ಟು ಕಾಲ. ವ್ಯತ್ಯಾಸ ಅಷ್ಟೇ. ಮೂರು ಅಕ್ಷರದ ಗಣಗಳು ಎಷ್ಟು? ಎಂಟು. ಮೋರ್ಸಿನಲ್ಲಿ ಮೂರು ಗುರುತಿನ ಇಂಗ್ಲಿಷ್ ಅಕ್ಷರಗಳು ಎಷ್ಟು? ಅವೂ ಎಂಟೇ. ನಗಣ ಅಂದರೆ ಮೂರು ಲಘು, ಅದು ‘ಎಸ್’. ಮಗಣ ಅಂದರೆ ಮೂರು ಗುರು, ಅದು ‘ಓ’. ಆಪತ್ತಿನಲ್ಲಿರುವ ಹಡಗು ಕೂಗುತ್ತಿದ್ದ ‘ಎಸ್.ಓ.ಎಸ್.’ ಅಂದರೆ ನಗಣ, ಮಗಣ, ನಗಣ. ಭಗಣ ‘ಡಿ’, ಯಗಣ ‘ಡಬ್ಲ್ಯು’, ಸಗಣ ‘ಯು’, ತಗಣ ‘ಜಿ’. ರಗಣ ‘ಕೆ’, ರೇಡಿಯೊದಲ್ಲಿ ಅದರ ಅರ್ಥ ‘ನನ್ನದು ಮುಗಿಯಿತು, ಈಗ ನೀವು ಹೇಳಿ’. ಜಗಣ ‘ಆರ್’, ಅದರ ಅರ್ಥ ‘ನೀವು ಹೇಳಿದ್ದು ಪೂರ್ತಿ ಸಿಕ್ಕಿತು’. ಈ ಜಗಣವನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅದರ ಹತ್ತಿರ ಬರುತ್ತೇನೆ.

ನಾನು ಈ ಹವ್ಯಾಸಕ್ಕೆ ಬಂದದ್ದು 2019ರ ಮಳೆಯಿಂದ. ಆ ವರ್ಷದ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿದೆ. ಮೊದಲು ಕರೆಂಟು ಹೋಯಿತು, ಆಮೇಲೆ ಟವರು ಸತ್ತಿತು. ಅಪ್ಪ ಅಮ್ಮ ಇಲ್ಲಿ, ನಾನು ಬೆಂಗಳೂರಿನಲ್ಲಿ. ಎರಡು ಹಗಲು ಎರಡು ರಾತ್ರಿ ಫೋನು ಒತ್ತಿದ್ದೇ ಒತ್ತಿದ್ದು. ಮೂರನೆಯ ದಿನ ಹಾಲಿನ ಗಾಡಿಯ ಡ್ರೈವರ್ ಪೇಟೆಗೆ ಹೋದಾಗ ಅಲ್ಲಿಂದ ಫೋನು ಮಾಡಿ, ‘ಮನೆ ಹಿಂದಿನ ಧರೆ ಜರಿದಿದೆ, ಎಲ್ಲರೂ ಆರಾಮಿದ್ದಾರೆ’ ಎಂದು ಹೇಳಿದರು. ಲಕ್ಷಾಂತರ ಜನರ ಸಂದೇಶ ದಾಟಿಸುವ ಸಾಫ್ಟ್‌ವೇರ್ ಬರೆಯುವವನಿಗೆ ತನ್ನ ಮನೆಯ ಸುದ್ದಿ ಹಾಲಿನ ಗಾಡಿಯಲ್ಲಿ ಬಂತು. ಅವತ್ತು ನಾನು ಬೇರೆ ದಾರಿ ಏನಿದೆ ಎಂದು ಹುಡುಕಲು ಶುರು ಮಾಡಿದೆ.

ಹುಡುಕಿದಾಗ ಸಿಕ್ಕಿದ್ದು ಹ್ಯಾಮ್ ರೇಡಿಯೊ. 2004ರ ಡಿಸೆಂಬರ್ 26ರ ಸುನಾಮಿ ಬಂದಾಗ, ಹವ್ಯಾಸಿ ರೇಡಿಯೊ ಕೆಲಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ಅಂಡಮಾನಿನಿಂದ ಹೊರಜಗತ್ತಿಗೆ ಸುದ್ದಿ ತಲುಪಿಸಿದ ಸಂಗತಿ ಓದಿದೆ. ಟವರಿಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಮೊಬೈಲಿಗೆ ಹತ್ತಿರದಲ್ಲೇ ಟವರು ಬೇಕು, ನಡುವೆ ಗುಡ್ಡ ಬಂದರೆ ಸಿಗ್ನಲ್ ಇಲ್ಲ. ಅದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಆದರೆ 7 ಮೆಗಾಹರ್ಟ್ಸಿನ ರೇಡಿಯೊ ಅಲೆ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳಕ್ಕೆ ತಾಗಿ, ಬಾಗಿ ಕೆಳಗೆ ಬರುತ್ತದೆ. ಹಗಲಿನಲ್ಲಿ ನಮ್ಮೂರಿನ ಕಣಿವೆಯಿಂದ ಬೆಂಗಳೂರಿಗೆ ನಡುವಿನ ಗುಡ್ಡಗಳ ಮೇಲಿನಿಂದ ದಾಟಬಲ್ಲದು. ಬೇಕಾದ್ದು ಒಂದು ರೇಡಿಯೊ, ಒಂದು 12 ವೋಲ್ಟಿನ ಬ್ಯಾಟರಿ, ಸುಮಾರು 20 ಮೀಟರ್ ತಂತಿ.

ಮೋರ್ಸೇ ಏಕೆ, ಮಾತಾಡಬಹುದಲ್ಲ? ಮಾತಾಡಬಹುದು. ಆದರೆ ನಮ್ಮ ಧ್ವನಿ ಕಳಿಸಲು ರೇಡಿಯೊದಲ್ಲಿ ಎರಡೂವರೆ ಸಾವಿರ ಹರ್ಟ್ಸಿನಷ್ಟು ಅಗಲದ ಜಾಗ ಬೇಕು. ಮೋರ್ಸಿಗೆ ನೂರೈವತ್ತರಷ್ಟಿದ್ದರೆ ಸಾಕು. ಅದೇ ಶಕ್ತಿಯನ್ನು ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಕಳಿಸಿದಾಗ, ಮಾತು ಗದ್ದಲದಲ್ಲಿ ಮುಳುಗಿಹೋದರೂ ಮೋರ್ಸಿನ ಕೀರಲು ಕೇಳುತ್ತಿರುತ್ತದೆ. ಜಾತ್ರೆಯ ಗಲಾಟೆಯಲ್ಲಿ ಪಕ್ಕದವರ ಮಾತು ಕೇಳದಿದ್ದರೂ ಪೀಪಿಯ ಸದ್ದು ಕೇಳುತ್ತದಲ್ಲ, ಹಾಗೆ. 5 ವ್ಯಾಟ್, ಅಂದರೆ ಒಂದು ಸಣ್ಣ ಎಲ್.ಇ.ಡಿ. ಬಲ್ಬಿನಷ್ಟು ಶಕ್ತಿಯಲ್ಲಿ ನಾನು ಬೇರೆ ದೇಶದವರ ಜೊತೆ ಮಾತಾಡಿದ್ದೇನೆ.

ನಮ್ಮ ದೇಶದಲ್ಲಿ ಇದರ ಲೈಸೆನ್ಸಿನಲ್ಲಿ ಎರಡು ದರ್ಜೆ. ಮೊದಲನೆಯದು ‘ರಿಸ್ಟ್ರಿಕ್ಟೆಡ್’, ಅದಕ್ಕೆ ಮೋರ್ಸ್ ಬೇಡ. ಎರಡನೆಯದು ‘ಜನರಲ್’, ಅದಕ್ಕೆ ನಾನು ಪರೀಕ್ಷೆ ಬರೆದಾಗ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕೇಳಿ ಬರೆಯಬೇಕಿತ್ತು, ಕಳಿಸಲೂಬೇಕಿತ್ತು. ಎರಡನೆಯ ಸಲಕ್ಕೆ ಪಾಸಾದೆ. ಎಲ್ಲ ಪರೀಕ್ಷೆಗಳ ಹಾಗೆ, ಪಾಸಾದ ಮೇಲೆ ಮುಚ್ಚಿಟ್ಟೆ. ನಾನು ಸಾಫ್ಟ್‌ವೇರಿನವನು. ‘ಕಂಪ್ಯೂಟರ್ ಇರುವಾಗ ನಾನೇಕೆ ಕೈ ನೋಯಿಸಿಕೊಳ್ಳಲಿ?’ ಎಂದುಕೊಂಡೆ.

ಕಂಪ್ಯೂಟರನ್ನು ರೇಡಿಯೊಗೆ ಜೋಡಿಸುವುದು ದೊಡ್ಡ ವಿದ್ಯೆಯಲ್ಲ. ಮೋರ್ಸ್ ಕೀಲಿ ಅಂದರೆ ಏನು? ಕರೆಗಂಟೆಯ ಗುಂಡಿಯ ಹಾಗೆ ಒಂದು ಸ್ವಿಚ್ಚು. ಒತ್ತಿದಾಗ ಎರಡು ತಂತಿ ಸೇರುತ್ತವೆ, ರೇಡಿಯೊ ಅಲೆ ಹೋಗುತ್ತದೆ. ಬಿಟ್ಟಾಗ ನಿಲ್ಲುತ್ತದೆ. ಕಂಪ್ಯೂಟರು ಆ ಎರಡು ತಂತಿಗಳನ್ನು ಸೇರಿಸಿ ಬಿಡಿಸುವಂತೆ ಮಾಡಿದರೆ ಆಯಿತು. ಯು.ಎಸ್.ಬಿ.ಯಿಂದ ಹಳೆಯ ಕಾಲದ ಸೀರಿಯಲ್ ಪೋರ್ಟಿಗೆ ಬದಲಾಯಿಸುವ ಒಂದು ಕೇಬಲ್ ಸಿಗುತ್ತದೆ. ಅದರಲ್ಲಿ ‘ಡಿ.ಟಿ.ಆರ್.’ ಎಂಬ ಒಂದು ತಂತಿ ಇದೆ. ಪ್ರೋಗ್ರಾಮ್ ಹೇಳಿದಾಗ ಅದರ ವೋಲ್ಟೇಜ್ ಮೇಲೇರುತ್ತದೆ, ಹೇಳಿದಾಗ ಇಳಿಯುತ್ತದೆ. ಅದನ್ನು ಒಂದು ಕಿಲೋ ಓಮಿನ ರೆಸಿಸ್ಟರ್ ಮೂಲಕ ಬಿ.ಸಿ. 547 ಎಂಬ ಟ್ರಾನ್ಸಿಸ್ಟರಿಗೆ ಕೊಟ್ಟೆ. ಹಿರಿಯರೆ, ಟ್ರಾನ್ಸಿಸ್ಟರ್ ಅಂದರೆ ನೀವು ವಾರ್ತೆ ಕೇಳುತ್ತಿದ್ದ ರೇಡಿಯೊ ಅಲ್ಲ. ಅದಕ್ಕೆ ಆ ಹೆಸರು ಬರಲು ಕಾರಣವಾದ, ಕಡಲೆಕಾಳಿನಷ್ಟು ದೊಡ್ಡ ಬಿಡಿಭಾಗ. ತೋಟದ ಮೋಟರಿಗೆ ಸ್ಟಾರ್ಟರ್ ಇದ್ದ ಹಾಗೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುತ್ತದೆ.

ಪ್ರೋಗ್ರಾಮ್ ಬರೆಯುವುದು ಅದಕ್ಕಿಂತ ಸುಲಭ. 1200ನ್ನು ವೇಗದಿಂದ ಭಾಗಿಸಿದರೆ ಒಂದು ಚುಕ್ಕೆಯ ಕಾಲ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ನಿಮಿಷಕ್ಕೆ 12 ಪದ ಅಂದರೆ ಚುಕ್ಕೆಗೆ 100 ಮಿಲಿಸೆಕೆಂಡು, ಸೆಕೆಂಡಿನ ಹತ್ತನೇ ಒಂದು ಭಾಗ. ಗೀಟಿಗೆ ಅದರ ಮೂರರಷ್ಟು. ಅಕ್ಷರದ ಒಳಗಿನ ಬಿಡುವು ಒಂದು ಚುಕ್ಕೆಯಷ್ಟು, ಅಕ್ಷರ ಅಕ್ಷರದ ನಡುವೆ ಮೂರು, ಪದ ಪದದ ನಡುವೆ ಏಳು. ಮೋರ್ಸಿನಲ್ಲಿ ಸದ್ದಿಗೆ ಎಷ್ಟು ಬೆಲೆಯೋ ಸುಮ್ಮನಿರುವುದಕ್ಕೂ ಅಷ್ಟೇ ಬೆಲೆ. ಬಿಡುವು ತಪ್ಪಿದರೆ ಅಕ್ಷರವೇ ಬೇರೆಯಾಗುತ್ತದೆ.

ಇದನ್ನೆಲ್ಲ ಮಾಡಿ ಮೂರು ಪೆಟ್ಟು ತಿಂದೆ. ಅವನ್ನೂ ಹೇಳುತ್ತೇನೆ, ನಾಳೆ ನೀವು ಮಾಡುವಾಗ ಬೇಕಾಗುತ್ತದೆ. ಮೊದಲ ಪೆಟ್ಟು: ನಾನು ಊಟಕ್ಕೆ ಹೋದಾಗ ಲ್ಯಾಪ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಯಿತು. ಆಗ ಆ ಡಿ.ಟಿ.ಆರ್. ತಂತಿ ಮೇಲೇರಿ ಹಾಗೇ ನಿಂತುಬಿಟ್ಟಿತು. ಬಂದು ನೋಡಿದರೆ ರೇಡಿಯೊ ಒಂದೇ ಸಮನೆ ಕೂಗುತ್ತ ಕಾವಲಿಯ ಹಾಗೆ ಕಾದಿತ್ತು. ಅಂದಿನಿಂದ ರೇಡಿಯೊ ಆನ್ ಮಾಡುವುದು ಕೊನೆಗೆ, ಆಫ್ ಮಾಡುವುದು ಮೊದಲಿಗೆ. ಎರಡನೆಯ ಪೆಟ್ಟು: ಗೀಟು ಹೋದಾಗಲೆಲ್ಲ ಲ್ಯಾಪ್‌ಟಾಪಿನ ಮೌಸು ಮರಗಟ್ಟುತ್ತಿತ್ತು. ರೇಡಿಯೊ ಅಲೆ ಕೇಬಲ್ ಹಿಡಿದು ಕಂಪ್ಯೂಟರಿನೊಳಗೆ ನುಗ್ಗುತ್ತಿತ್ತು. ಅದಕ್ಕೆ ಕೇಬಲ್ಲಿಗೆ ಫೆರೈಟ್ ಉಂಗುರ ಹಾಕಿ, ಟ್ರಾನ್ಸಿಸ್ಟರಿನ ಜಾಗದಲ್ಲಿ ‘ಆಪ್ಟೊಕಪ್ಲರ್’ ಹಾಕಿದೆ. ಅದರೊಳಗೆ ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕು ಕಂಡರೆ ಆನ್ ಆಗುವ ಸ್ವಿಚ್ಚು. ನಡುವೆ ತಂತಿಯ ಸಂಬಂಧವೇ ಇಲ್ಲ, ಬೆಳಕಿನ ಸಂಬಂಧ ಮಾತ್ರ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕಂಪ್ಯೂಟರು ಒಂದೇ ಸಲ ಹತ್ತಾರು ಕೆಲಸ ಮಾಡುತ್ತಿರುತ್ತದೆ. ನನ್ನ ಚುಕ್ಕೆ ಮುಗಿಯುವ ಹೊತ್ತಿಗೆ ಅದಕ್ಕೆ ಬೇರೆ ಕೆಲಸ ನೆನಪಾದರೆ ಚುಕ್ಕೆ ಉದ್ದವಾಗುತ್ತದೆ. ಇದಕ್ಕೆ ಪರಿಹಾರ ಈ ಪೆಟ್ಟಿಗೆಯಲ್ಲಿರುವ ಆರ್ಡ್ವಿನೊ ಎಂಬ ಪುಟ್ಟ ಬೋರ್ಡು. ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುವ ಗಡಿಯಾರ ಅದರಲ್ಲಿದೆ, ಮತ್ತು ಅದಕ್ಕೆ ಬೇರೆ ಕೆಲಸವಿಲ್ಲ. ಕಂಪ್ಯೂಟರು ‘ಈ ಅಕ್ಷರ ಕಳಿಸು’ ಎಂದಷ್ಟೇ ಹೇಳುತ್ತದೆ. ತಾಳ ಹಿಡಿಯುವುದು ಬೋರ್ಡು. ಕೀಲಿ ತುಂಬ ಹೊತ್ತು ಒತ್ತಿಕೊಂಡೇ ಇದ್ದರೆ ತಾನೇ ಬಿಡಿಸುವಂತೆಯೂ ಅದಕ್ಕೆ ಹೇಳಿಕೊಟ್ಟಿದ್ದೇನೆ.

ಅಲ್ಲಿಗೆ ನನ್ನ ಯಂತ್ರ ಸಿದ್ಧವಾಯಿತು. ನಿಮಿಷಕ್ಕೆ 20 ಪದಗಳ ವೇಗದಲ್ಲಿ, ಮುತ್ತು ಪೋಣಿಸಿದ ಹಾಗೆ ಮೋರ್ಸ್ ಹೊರಟಿತು. ಪದೇ ಪದೇ ಬೇಕಾಗುವ ಸಾಲುಗಳನ್ನು ಗುಂಡಿಗಳಿಗೆ ಜೋಡಿಸಿದೆ. ಎಫ್ 1 ಒತ್ತಿದರೆ ‘ಯಾರಾದರೂ ಇದ್ದೀರಾ?’ ಎಂಬ ಕರೆ. ಎಫ್ 2 ಒತ್ತಿದರೆ ನನ್ನ ಹೆಸರು, ಊರು. ಎಫ್ 3 ಒತ್ತಿದರೆ ‘ಆರ್ ಆರ್, ಎಲ್ಲ ಸಿಕ್ಕಿತು, ಧನ್ಯವಾದ, 73’. ಹ್ಯಾಮ್‌ಗಳ ಭಾಷೆಯಲ್ಲಿ 73 ಅಂದರೆ ‘ಶುಭಾಶಯ’. ಬಂದ ಮೋರ್ಸನ್ನು ಅಕ್ಷರವಾಗಿ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರೂ ಇತ್ತು. ನನ್ನ ಕಿವಿಗೆ ಕೆಲಸವೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎಫ್ 1 ಒತ್ತಿದೆ. ಧಾರವಾಡದ ಕಡೆಯ ಒಬ್ಬ ಹಿರಿಯರು ಉತ್ತರ ಕೊಟ್ಟರು. ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು 20ರ ವೇಗದಲ್ಲಿ ಕರೆದಿದ್ದೆ, ಹಾಗಾಗಿ ಅವರೂ 20ರಲ್ಲೇ ಬಂದರು. ಕೈಯಿಂದ ಕಳಿಸಿದ ಮೋರ್ಸ್, ಅವರದೇ ಒಂದು ಲಯ. ಆ ಲಯ ನನ್ನ ಸಾಫ್ಟ್‌ವೇರಿಗೆ ಹಿಡಿಯಲಿಲ್ಲ. ಜೊತೆಗೆ ಸಿಗ್ನಲ್ ಏರಿ ಇಳಿಯುತ್ತಿತ್ತು. ಪರದೆಯ ಮೇಲೆ ಬರೀ ‘ಇ’, ‘ಟಿ’, ‘ಐ’ ಅಕ್ಷರಗಳ ಹೊಟ್ಟು. ಅವರು ಸುಮಾರು ಎರಡು ನಿಮಿಷ ಕಳಿಸಿದರು. ಕೊನೆಗೆ ರಗಣ ಕೇಳಿಸಿತು: ‘ಈಗ ನೀವು ಹೇಳಿ’.

ನಾನು ಎಫ್ 3 ಒತ್ತಿದೆ. ಆರ್ ಆರ್. ಎಲ್ಲ ಸಿಕ್ಕಿತು. ಧನ್ಯವಾದ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಹಳ ನಿಧಾನವಾಗಿ, ಒಂದೊಂದೇ ಅಕ್ಷರ ಬಂತು. ಪೆನ್ಸಿಲ್ ತೆಗೆದುಕೊಂಡು ಬರೆದೆ. ಅಕ್ಷರ ಇಂಗ್ಲಿಷು, ಭಾಷೆ ಕನ್ನಡ. ‘ನಿಮ್ಮೂರಲ್ಲಿ ಮಳೆ ಹೇಗಿದೆ ಎಂದು ಕೇಳಿದೆ.’

ನನಗೆ ನಾಚಿಕೆಯಾಯಿತು. ಅವರು ಕೇಳಿದ್ದು ಪ್ರಶ್ನೆ, ನಾನು ಕೊಟ್ಟದ್ದು ರಸೀದಿ. ಮಳೆಯ ಸುದ್ದಿ ಸಿಗದೆ ಎರಡು ರಾತ್ರಿ ನಿದ್ದೆಗೆಟ್ಟವನು ನಾನು. ಅದಕ್ಕಾಗಿಯೇ ರೇಡಿಯೊ ಕಲಿತವನು. ಒಬ್ಬರು ನಿಜವಾಗಿ ಮಳೆ ಹೇಗಿದೆ ಎಂದು ಕೇಳಿದಾಗ ಗುಂಡಿ ಒತ್ತಿ ಸುಳ್ಳು ಹೇಳಿದ್ದೆ. ಆ ದಿನ ಅವರು ಕೇಳಿದ್ದು ಮಳೆಯ ವಿಷಯ. ‘ಧರೆ ಜರಿದಿದೆ, ಸಹಾಯ ಕಳಿಸಿ’ ಎಂದಿದ್ದರೂ ನನ್ನ ಯಂತ್ರ ಇದೇ ಉತ್ತರ ಕೊಡುತ್ತಿತ್ತು.

ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೈಕೀಲಿ ಹಿಡಿದೆ. ತಡವರಿಸುತ್ತ ಮೂರು ಅಕ್ಷರ ಕಳಿಸಿದೆ: ‘ಕ್ಯೂ.ಆರ್.ಎಸ್.’ ಅದು ಅಂತಾರಾಷ್ಟ್ರೀಯ ಸಂಕೇತ. ‘ದಯವಿಟ್ಟು ನಿಧಾನವಾಗಿ ಕಳಿಸಿ’ ಎಂದರ್ಥ. ಅವರು ಕೂಡಲೇ ‘ಆರ್’ ಎಂದರು. ಅಂದಿನಿಂದ ಸುಮಾರು ಒಂದು ವರ್ಷ, ಪ್ರತಿ ಭಾನುವಾರ ಅರ್ಧ ಗಂಟೆ, ಅವರು ನನ್ನ ವೇಗಕ್ಕೆ ಇಳಿದು ಮಾತಾಡಿದರು. ಈಗ ನಾನು 15ರ ವೇಗದಲ್ಲಿ ಕಾಗದವಿಲ್ಲದೆ ಕೇಳಬಲ್ಲೆ. ಇಬ್ಬರು ಮಾತಾಡುವಾಗ ನಿಧಾನದವನ ವೇಗಕ್ಕೆ ವೇಗದವನು ಇಳಿಯಬೇಕು. ಇದು ಹ್ಯಾಮ್‌ಗಳಲ್ಲಿ ಹಳೆಯ ಮರ್ಯಾದೆ. ಆದರೆ ನಿಧಾನದವನು ಬಾಯಿಬಿಟ್ಟು ಕೇಳಬೇಕು.

ಬಾಯಿಬಿಟ್ಟು ಕೇಳುವುದು ನನಗೆ ಏಕೆ ಅಷ್ಟು ಕಷ್ಟವಾಯಿತು ಎಂದು ಆಮೇಲೆ ಯೋಚಿಸಿದೆ. ಈ ಶಾಲೆಯಲ್ಲಿ ನನಗೆ ಆ ಕಷ್ಟ ಇರಲಿಲ್ಲ. ಕನ್ನಡ ಮೇಷ್ಟ್ರು ಉಕ್ತಲೇಖನ ಕೊಡುವಾಗ ಒಂದು ಸಾಲು ಹೇಳಿ ಬೆಂಚುಗಳ ನಡುವೆ ಓಡಾಡುತ್ತಿದ್ದರು. ಕೊನೆಯ ಬೆಂಚಿನವನ ಪೆನ್ನು ನಿಲ್ಲುವವರೆಗೆ ಮುಂದಿನ ಸಾಲು ಬರುತ್ತಿರಲಿಲ್ಲ. ‘ಸಾರ್, ಇನ್ನೊಂದ್ಸಲ’ ಎಂದರೆ ಇನ್ನೊಂದು ಸಲ ಹೇಳುತ್ತಿದ್ದರು. ಆ ಕೊನೆಯ ಬೆಂಚಿನವನು ಎಷ್ಟೋ ಸಲ ನಾನೇ.

ಇಲ್ಲಿಂದ ಇಂಜಿನಿಯರಿಂಗ್ ಕಾಲೇಜಿಗೆ ಹೋದಾಗ ಪಾಠ ಇಂಗ್ಲಿಷಿನಲ್ಲಿ, 20ರ ವೇಗದಲ್ಲಿ ಬಂತು. ನನಗೆ ಹಿಡಿಯುತ್ತಿದ್ದುದು ಐದರ ವೇಗದಲ್ಲಿ. ‘ಅರ್ಥವಾಯಿತಾ?’ ಎಂದು ಕೇಳಿದಾಗ ಎಲ್ಲರ ಜೊತೆ ತಲೆ ಆಡಿಸುತ್ತಿದ್ದೆ. ಅದೂ ಎಫ್ 3 ಗುಂಡಿಯೇ. ಆರ್ ಆರ್, ಎಲ್ಲ ಸಿಕ್ಕಿತು. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಯಿತು. ಮನೆಗೆ ಹೇಳಲಿಲ್ಲ. ಒಂದು ಸಲ ಕೈ ಎತ್ತಿ ‘ನಿಧಾನವಾಗಿ ಹೇಳಿ’ ಎಂದಿದ್ದರೆ ಆಗುತ್ತಿತ್ತೋ ಏನೋ. ಕನ್ನಡ ಮೀಡಿಯಮ್ಮಿನವನು ಎಂದು ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ಮಕ್ಕಳೆ, ಈ ವೇದಿಕೆಯಿಂದ ಹಳೆಯ ವಿದ್ಯಾರ್ಥಿಗಳು ಬರೀ ಗೆದ್ದ ಕಥೆ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಅದಕ್ಕೆ ಇದನ್ನು ಹೇಳಿದೆ. ನೀವು ಇಲ್ಲಿಂದ ಎಲ್ಲಿಗೇ ಹೋಗಿ, ಅರ್ಥವಾಗದೆ ಜಗಣ ಹಾಕಬೇಡಿ. ಕ್ಯೂ.ಆರ್.ಎಸ್. ಎನ್ನಿ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕೈ ನಡುಗುವ ಮುದುಕರಿಗೆ, ಕೈಯಿಂದ ಕೀಲಿ ಒತ್ತಲಾಗದವರಿಗೆ ಕಂಪ್ಯೂಟರು ಕೀಲಿ ಹಿಡಿದುಕೊಡುತ್ತದೆ. ನಾನೂ ಈಗಲೂ ಎಫ್ 1 ಬಳಸುತ್ತೇನೆ. ಎಫ್ 3 ಮಾತ್ರ ಅಳಿಸಿದ್ದೇನೆ.

ಕೊನೆಗೆ ಒಂದು ಕೋರಿಕೆ. 12 ವರ್ಷ ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು. ಅಂದರೆ ಎಂಟನೆಯ ತರಗತಿಯ ಮಗುವೂ ಬರೆಯಬಹುದು. ಈ ಪೆಟ್ಟಿಗೆಯನ್ನು, ಒಂದು ಕೈಕೀಲಿಯನ್ನು, ಹತ್ತು ಬಜರುಗಳನ್ನು ಶಾಲೆಯ ವಿಜ್ಞಾನ ಕೊಠಡಿಗೆ ಕೊಟ್ಟು ಹೋಗುತ್ತಿದ್ದೇನೆ. ಬಜರಿನಲ್ಲಿ ಅಭ್ಯಾಸ ಮಾಡಲು ಯಾವ ಲೈಸೆನ್ಸೂ ಬೇಡ, ಗಾಳಿಗೆ ಏನೂ ಹೋಗುವುದಿಲ್ಲ. ತಿಂಗಳಿಗೊಂದು ಶನಿವಾರ ನಾನು ಬಂದು ಕಲಿಸುತ್ತೇನೆ. ಮಕ್ಕಳು ಪಾಸಾಗಿ ಶಾಲೆಯ ಹೆಸರಿಗೆ ಲೈಸೆನ್ಸ್ ಬಂದರೆ, ರೇಡಿಯೊ ನಾನು ಮತ್ತು ನನ್ನ ಬ್ಯಾಚಿನವರು ಸೇರಿ ಕೊಡುತ್ತೇವೆ. ಆಗ ಶಾಲೆಯ ಮಾಡಿನಿಂದ ಆಟದ ಬಯಲಿನ ಅಂಚಿನ ಹಲಸಿನ ಮರಕ್ಕೆ 20 ಮೀಟರ್ ತಂತಿ ಕಟ್ಟಲು ಸಮಿತಿಯವರು ಒಪ್ಪಿಗೆ ಕೊಡಬೇಕು. ಗುಡುಗು ಸಿಡಿಲಿನ ಕಾಲದಲ್ಲಿ ಅದನ್ನು ಬಿಚ್ಚಿ ಹೊರಗಿಡುವ ಜವಾಬ್ದಾರಿಯನ್ನು ಒಬ್ಬರು ಹೊರಬೇಕು.

ಇದರಿಂದ ಮಳೆಗಾಲದ ಎಲ್ಲ ತೊಂದರೆ ತೀರುತ್ತದೆ ಎಂದು ನಾನು ಹೇಳುವುದಿಲ್ಲ. ಹ್ಯಾಮ್ ರೇಡಿಯೊದಲ್ಲಿ ವ್ಯಾಪಾರದ ಸುದ್ದಿ ಕಳಿಸುವಂತಿಲ್ಲ, ಗುಟ್ಟಿನ ಭಾಷೆಯಲ್ಲಿ ಮಾತಾಡುವಂತಿಲ್ಲ, ದಿನನಿತ್ಯದ ಫೋನಿನ ಬದಲಿಗೆ ಬಳಸುವಂತಿಲ್ಲ. ಆದರೆ ಇನ್ನೊಂದು 2019 ಬಂದರೆ, ‘ಊರಲ್ಲಿ ಎಲ್ಲರೂ ಆರಾಮಿದ್ದಾರೆ’ ಎಂಬ ಒಂದು ಸಾಲು ಈ ಕಣಿವೆಯಿಂದ ಹೊರಗೆ ಹೋಗಬಹುದು. ಅದಕ್ಕೆ ಯಂತ್ರ ನಾನು ಕೊಡಬಲ್ಲೆ, ಕಿವಿ ಮಾತ್ರ ಊರಿನಲ್ಲೇ ತಯಾರಾಗಬೇಕು.

ಕೊನೆಯ ಬೆಂಚಿನವನಿಗಾಗಿ ಕಾದ ನನ್ನ ಮೇಷ್ಟ್ರು ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಅಂದು ನೀವು ಹೇಳಿದ್ದು ನನಗೆ ತಲುಪಲು ತಡವಾಯಿತು. ಆರ್. ಈಗ ಪೂರ್ತಿ ಸಿಕ್ಕಿದೆ.

ಎಲ್ಲರಿಗೂ 73.